ನಿಂತ ಕಾಲು, ನಡೆವ ಕಾಲು

ಉಪಾಧ್ಯಾಯ ವೃತ್ತಿಯೆಂದರೆ ನಿಲ್ಲುವ ವೃತ್ತಿ. ಹನ್ನೊಂದು ವರ್ಷಗಳಿಂದ ಕಪ್ಪುಹಲಗೆಯ ಮುಂದೆ ನಿಂತು ಭೌತಶಾಸ್ತ್ರವನ್ನು ಬೋಧಿಸುತ್ತಿರುವ ನಮ್ಮ ಎಡಗಾಲಿನಲ್ಲಿ ಹುರಿಯಂತಹ ನೀಲಿ ಗಂಟುಗಳು ಕಾಣಿಸಿಕೊಂಡವು. ಸಂಜೆಯಾಯಿತೆಂದರೆ ಕಾಲು ಭಾರ, ರಾತ್ರಿ ಸೆಳೆತ. ವೈದ್ಯರು ಪರೀಕ್ಷಿಸಿ, ಇದು ವೆರಿಕೋಸ್ ವೇನ್ಸ್, ಅಂದರೆ ಸಿರೆಗಳ ಉಬ್ಬುವಿಕೆ, ಎಂದರು. ಲೇಸರ್ ಚಿಕಿತ್ಸೆ ಒಂದು ಗಂಟೆಯೊಳಗೆ ಮುಗಿಯಿತು. ಅನಂತರ ಅವರು ಹೇಳಿದ ಮಾತು ನಮ್ಮನ್ನು ಚಕಿತಗೊಳಿಸಿತು: “ಈಗ ಎದ್ದು ನಡೆಯಿರಿ. ಮನೆಗೆ ಹೋದ ಮೇಲೂ ದಿನಕ್ಕೆ ಹಲವು ಸಲ ನಡೆಯಿರಿ.”

ಮನೆಯಲ್ಲಿ ನಮ್ಮ ತಾಯಿಯವರು ಹಾಸಿಗೆ ಹಾಸಿ ಕಾದಿದ್ದರು. “ಕಾಲಿಗೆ ಚಿಕಿತ್ಸೆ ಮಾಡಿಸಿಕೊಂಡು ಬಂದವರು ಓಡಾಡುವುದುಂಟೇನಪ್ಪಾ? ಹದಿನೈದು ದಿನ ಏಳಕೂಡದು” ಎಂದು ಅಪ್ಪಣೆಯಾಯಿತು. ವೈದ್ಯರೂ ಹಿತೈಷಿಗಳು, ತಾಯಿಯೂ ಹಿತೈಷಿ. ಯಾರ ಮಾತನ್ನು ನಡೆಸುವುದು? ಭೌತಶಾಸ್ತ್ರವನ್ನೇ ಕೇಳೋಣವೆಂದುಕೊಂಡೆವು.

ಹೃದಯವು ಅಪಧಮನಿಗಳ ಮೂಲಕ ರಕ್ತವನ್ನು ಪಾದದವರೆಗೆ ತಳ್ಳುತ್ತದೆ. ಅದು ಸಿರೆಗಳ ಮೂಲಕ ಹಿಂದಿರುಗಬೇಕಾದರೆ ಭೂಮಿಯ ಆಕರ್ಷಣೆಗೆ ಎದುರಾಗಿ ಏರಬೇಕು. ನಿಂತಿರುವ ಮನುಷ್ಯನ ಪಾದದಿಂದ ಹೃದಯಕ್ಕೆ ಸುಮಾರು ೧೨೦ ಸೆಂಟಿಮೀಟರ್ ಎತ್ತರ. ನೀರಿಗಿಂತ ರಕ್ತದ ಸಾಂದ್ರತೆ ೧.೦೬ ಪಟ್ಟು, ಪಾದರಸದ್ದು ೧೩.೬ ಪಟ್ಟು. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಲಿ: ಈ ರಕ್ತಸ್ತಂಭದ ಒತ್ತಡವು ಪಾದರಸದ ೯೪ ಮಿಲಿಮೀಟರಿನಷ್ಟಾಗುತ್ತದೆ. ಅಲುಗದೆ ನಿಂತವನ ಪಾದದ ಸಿರೆಗಳ ಗೋಡೆ ಸರಿಸುಮಾರು ಇಷ್ಟೊಂದು ಒತ್ತಡವನ್ನು ಹೊರಬೇಕು.

ಹಾಗಾದರೆ ರಕ್ತ ಮೇಲೇರುವುದು ಹೇಗೆ? ಸಿರೆಗಳೊಳಗೆ ಅಲ್ಲಲ್ಲಿ ಪುಟ್ಟ ಕವಾಟಗಳಿವೆ. ಇಟಲಿಯ ಪಾಡುವಾ ನಗರದ ಅಂಗರಚನಾಶಾಸ್ತ್ರಜ್ಞ ಫಾಬ್ರಿಸಿಯಸ್ ೧೬೦೩ರಲ್ಲಿ ಇವುಗಳನ್ನು ಕುರಿತು ಗ್ರಂಥವನ್ನೇ ಪ್ರಕಟಿಸಿದನು. ಆದರೆ ಅವು ರಕ್ತದ ವೇಗವನ್ನು ತಗ್ಗಿಸಲು ಇರುವ ತಡೆಗಳೆಂದು ಅವನು ಭಾವಿಸಿದ್ದನು. ಅವನ ಶಿಷ್ಯ ವಿಲಿಯಂ ಹಾರ್ವೆ ೧೬೨೮ರಲ್ಲಿ ನಿಜವನ್ನು ತೋರಿಸಿಕೊಟ್ಟನು: ಅವು ಹೃದಯದ ಕಡೆಗೆ ಮಾತ್ರ ತೆರೆಯುವ ಬಾಗಿಲುಗಳು. ಅವನ ಪ್ರಯೋಗವನ್ನು ಓದುಗರೂ ಮಾಡಬಹುದು. ಕೈಯನ್ನು ಇಳಿಬಿಟ್ಟು, ಎದ್ದು ಕಾಣುವ ಸಿರೆಯೊಂದನ್ನು ಒಂದು ಬೆರಳಿನಿಂದ ಒತ್ತಿ ಹಿಡಿಯಿರಿ. ಇನ್ನೊಂದು ಬೆರಳಿನಿಂದ ಅಲ್ಲಿಂದ ಮೊಣಕೈಯ ಕಡೆಗೆ ನೀವಿರಿ. ಮೇಲಣ ರಕ್ತ ಕವಾಟವನ್ನು ದಾಟಿ ಹಿಂದಕ್ಕೆ ಬಾರದು. ಸಿರೆ ಬರಿದಾಗಿಯೇ ಉಳಿಯುತ್ತದೆ. ಮೊದಲ ಬೆರಳನ್ನು ತೆಗೆದೊಡನೆ ಕೆಳಗಿನಿಂದ ತುಂಬಿಕೊಳ್ಳುತ್ತದೆ.

ಬಾಗಿಲಿದ್ದರೆ ಸಾಲದು, ತಳ್ಳುವವರೂ ಬೇಕು. ಆ ಕೆಲಸ ಮೀನಖಂಡದ್ದು. ಹೆಜ್ಜೆಯಿಟ್ಟಾಗಲೆಲ್ಲ ಅಲ್ಲಿಯ ಸ್ನಾಯುಗಳು ಬಿಗಿದು ಆಳದ ಸಿರೆಗಳನ್ನು ಹಿಂಡುತ್ತವೆ. ರಕ್ತ ಮೇಲಕ್ಕೆ ಚಿಮ್ಮುತ್ತದೆ. ಸ್ನಾಯು ಸಡಿಲಿದಾಗ ಕವಾಟ ಮುಚ್ಚಿಕೊಳ್ಳುತ್ತದೆ. ನಡೆಯುತ್ತಿರುವವನ ಪಾದದ ಸಿರೆಗಳಲ್ಲಿ ಒತ್ತಡ ೩೦ ಮಿಲಿಮೀಟರಿನ ಆಸುಪಾಸಿಗೆ ಇಳಿಯುತ್ತದೆ. ಆದುದರಿಂದಲೇ ಮೀನಖಂಡವನ್ನು ಎರಡನೆಯ ಹೃದಯವೆಂದು ಕರೆಯುವುದುಂಟು.

ಚರ್ಮದ ಕೆಳಗಿನ ಸಿರೆಯಲ್ಲಿ ಒಂದು ಕವಾಟ ಕೆಟ್ಟರೆ ಮೇಲಣ ರಕ್ತಸ್ತಂಭದ ಭಾರವೆಲ್ಲ ಕೆಳಗಿನ ಭಾಗದ ಮೇಲೆ ಬೀಳುತ್ತದೆ. ಸಿರೆ ಹಿಗ್ಗುತ್ತದೆ, ಹಿಗ್ಗಿದ ಸಿರೆಯಲ್ಲಿ ಮುಂದಿನ ಕವಾಟದ ಎಸಳುಗಳು ಒಂದನ್ನೊಂದು ಮುಟ್ಟಲಾರವು, ಅದೂ ಕೆಡುತ್ತದೆ. ಲೇಸರ್ ಚಿಕಿತ್ಸೆಯಲ್ಲಿ ಕೂದಲೆಳೆಯಂತಹ ಗಾಜಿನ ತಂತುವನ್ನು ಕೆಟ್ಟ ಸಿರೆಯೊಳಗೆ ತೂರಿಸಿ, ಕಣ್ಣಿಗೆ ಕಾಣದ ಅವಕೆಂಪು ಕಿರಣದ ಶಾಖದಿಂದ ಸಿರೆಯ ಗೋಡೆಗಳನ್ನು ಮುಚ್ಚಿಬಿಡುತ್ತಾರೆ. ಸುತ್ತಲೂ ತುಂಬಿದ ಅರಿವಳಿಕೆಯ ದ್ರವವು ನೆರೆಯ ಅಂಗಾಂಶಗಳಿಗೆ ಶಾಖ ತಗಲದಂತೆ ಕಾಯುತ್ತದೆ. ಒಂದು ದಾರಿ ಮುಚ್ಚಿದರೆ ರಕ್ತಕ್ಕೆ ಕೊರತೆಯೇನೂ ಇಲ್ಲ. ಕಾಲಿನ ರಕ್ತದ ಸೇಕಡ ೯೦ರಷ್ಟು ಆಳದ ಸಿರೆಗಳಲ್ಲಿಯೇ ಹರಿಯುವುದು. ಮುಚ್ಚಿದ ಸಿರೆಯನ್ನು ಶರೀರವು ತಿಂಗಳುಗಳಲ್ಲಿ ಮೆಲ್ಲನೆ ಕರಗಿಸಿಕೊಳ್ಳುತ್ತದೆ.

ಈಗ ವೈದ್ಯರ ಮಾತಿನ ಅರ್ಥ ತಿಳಿಯಿತಷ್ಟೆ. ಹಾಸಿಗೆ ಹಿಡಿದರೆ ಮೀನಖಂಡದ ಪಂಪು ನಿಲ್ಲುತ್ತದೆ. ಆಳದ ಸಿರೆಗಳಲ್ಲಿ ಹರಿವು ಮಂದವಾಗುತ್ತದೆ. ನಿಂತ ನೀರು ಕೆಟ್ಟಂತೆ, ಮಂದಗತಿಯ ರಕ್ತ ಹೆಪ್ಪುಗಟ್ಟಬಹುದು. ಹೆಪ್ಪಿನ ತುಣುಕು ಕಳಚಿ, ಹೃದಯವನ್ನು ಹಾದು, ಶ್ವಾಸಕೋಶದಲ್ಲಿ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಇದು ವಿರಳವಾದರೂ ನಿರ್ಲಕ್ಷಿಸತಕ್ಕದ್ದಲ್ಲ. ನಾವು ದಿನಕ್ಕೆ ನಾಲ್ಕಾರು ಸಲ ಅಂಗಳದಲ್ಲಿ ಸುತ್ತು ಹಾಕಿದೆವು. ಕುಳಿತಾಗ ಕಾಲನ್ನು ಚಾಚಿ ಎತ್ತರಿಸಿದೆವು. ಮಲಗಿದಾಗ ಎರಡು ದಿಂಬುಗಳ ಮೇಲಿಟ್ಟೆವು. ಪಾದವು ಹೃದಯಕ್ಕಿಂತ ಮೇಲಿದ್ದರೆ ಭೂಮಿಯ ಆಕರ್ಷಣೆಯೇ ನಮ್ಮ ಆಳಾಗಿ ದುಡಿಯುತ್ತದೆ. ಕೊಡ ಎತ್ತುವುದನ್ನು ಕೆಲವು ದಿನ ಬಿಟ್ಟೆವು. ಉಸಿರು ಬಿಗಿಹಿಡಿದು ಭಾರವೆತ್ತಿದರೆ ಹೊಟ್ಟೆಯೊಳಗಿನ ಒತ್ತಡ ಏರಿ ಕಾಲಿನ ರಕ್ತಕ್ಕೆ ಅಡ್ಡಿಯಾಗುತ್ತದೆ.

ಬಿಗಿಗಾಲುಚೀಲದ ಕಥೆಯೂ ಸ್ವಾರಸ್ಯವಾಗಿದೆ. ಅಮೆರಿಕದಲ್ಲಿ ನೆಲಸಿದ್ದ ಕಾನ್ರಾಡ್ ಜೋಬ್ಸ್ಟ್ ಎಂಬ ಇಂಜಿನಿಯರನು ತಾನೇ ಸಿರೆಯ ವ್ಯಾಧಿಯಿಂದ ನರಳುತ್ತಿದ್ದನು. ಈಜುಕೊಳದಲ್ಲಿ ನಿಂತಾಗ ತನ್ನ ನೋವು ತಗ್ಗುವುದನ್ನು ಅವನು ಗಮನಿಸಿದನು. ನೀರಿನ ಒತ್ತಡ ಆಳಕ್ಕೆ ಹೋದಂತೆ ಹೆಚ್ಚುವುದಲ್ಲವೆ? ಹಾಗೆಯೇ ಪಾದದ ಗಿಣ್ಣಿನಲ್ಲಿ ಹೆಚ್ಚಾಗಿ, ಮೇಲೆ ಹೋದಂತೆ ಕಡಮೆಯಾಗಿ ಒತ್ತುವ ಕಾಲುಚೀಲವನ್ನು ೧೯೫೦ರ ಸುಮಾರಿಗೆ ರೂಪಿಸಿದನು. ಲಾಪ್ಲಾಸನ ನಿಯಮದಂತೆ, ಬಟ್ಟೆಯ ಬಿಗಿತ ಒಂದೇ ಆಗಿದ್ದರೆ, ಸುತ್ತಳತೆ ಕಿರಿದಾದಷ್ಟೂ ಒತ್ತಡ ಹಿರಿದು. ಚೀಲದ ಮೇಲಂಚನ್ನು ಮಡಿಸಿದರೆ ಅಲ್ಲಿ ಬಿಗಿತ ಇಮ್ಮಡಿಸಿ, ಹಗ್ಗ ಕಟ್ಟಿದಂತಾಗಿ, ಉಪಕಾರಕ್ಕೆ ಬದಲು ಅಪಕಾರವಾದೀತು. ಬೆಳಿಗ್ಗೆ ಏಳುವ ಮುನ್ನ, ಬಾವು ಕಡಮೆಯಿರುವಾಗಲೇ, ಅದನ್ನು ತೊಡಬೇಕು. ಎಷ್ಟು ದಿನವೆಂಬುದನ್ನು ವೈದ್ಯರೇ ನಿರ್ಧರಿಸತಕ್ಕದ್ದು. ಅಪಧಮನಿಗಳ ರೋಗವುಳ್ಳವರಿಗಂತೂ ಈ ಚೀಲ ಹಾನಿಕರವಾಗಬಹುದು.

ಏಳನೆಯ ದಿನ ತೊಡೆಯ ಒಳಬದಿಯಲ್ಲಿ ತಂತಿ ಎಳೆದಂತೆ ನೋವಾಯಿತು. ಮುಟ್ಟಿದರೆ ಹಗ್ಗದಂತಹ ಗಡಸು. ನಮ್ಮ ಭೌತಶಾಸ್ತ್ರವೆಲ್ಲ ಕ್ಷಣಮಾತ್ರದಲ್ಲಿ ಹಾರಿಹೋಯಿತು; ಹೆಪ್ಪುಗಟ್ಟಿತೆಂದೇ ಭಯಪಟ್ಟೆವು. ವೈದ್ಯರು ಅಲ್ಟ್ರಾಸೌಂಡ್ ಯಂತ್ರದಿಂದ ನೋಡಿ, ಆಳದ ಸಿರೆಗಳು ಶುದ್ಧವಾಗಿವೆ, ಈ ಹಗ್ಗ ಮುಚ್ಚಿಹೋದ ಸಿರೆಯೇ ಎಂದು ತಿಳಿಸಿದರು. “ಬಂದದ್ದು ಒಳ್ಳೆಯದೇ ಆಯಿತು” ಎಂದೂ ಸೇರಿಸಿದರು. ಮೀನಖಂಡ ದಿಢೀರನೆ ಊದಿ ನೋವಾದರೆ, ಅಥವಾ ಉಸಿರಾಟಕ್ಕೆ ಕಷ್ಟವಾಗಿ ಎದೆ ನೊಂದರೆ, ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ನೇರಳೆಯಿಂದ ಹಸಿರಿಗೆ, ಹಸಿರಿನಿಂದ ಹಳದಿಗೆ ತಿರುಗುವ ಕಂದುಗಲೆಗಳಿಗೆ ಅಂಜಬೇಕಾಗಿಲ್ಲ.

ಅಂದು ಸಂಜೆ ನಾವು ಕಾಗದದ ಮೇಲೆ ಚಿತ್ರ ಬರೆದು ತಾಯಿಯವರಿಗೆ ಇದನ್ನೆಲ್ಲ ವಿವರಿಸಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, ಸೀರೆಯ ಅಂಚನ್ನು ತುಸು ಸರಿಸಿ ತಮ್ಮ ಕಾಲನ್ನು ತೋರಿಸಿದರು. ನಲವತ್ತು ವರ್ಷ ಒಲೆಯ ಮುಂದೆ ನಿಂತ ಕಾಲು. ನಮ್ಮದಕ್ಕಿಂತ ದಪ್ಪನೆಯ ಗಂಟುಗಳು; ಗಿಣ್ಣಿನ ಬಳಿ ಕಪ್ಪಿಟ್ಟ ಚರ್ಮ. “ವಯಸ್ಸಾದವರಿಗೆ ಇದು ಇದ್ದದ್ದೇ ಅಂದುಕೊಂಡಿದ್ದೆ” ಎಂದರು. ಅದು ಹುಣ್ಣಾಗುವ ಮುನ್ಸೂಚನೆಯೆಂದು ನಮಗೆ ಆ ವೇಳೆಗೆ ತಿಳಿದಿತ್ತು. ಒಂದೇ ಮನೆಯಲ್ಲಿದ್ದೂ ನಾವು ಇದನ್ನು ಒಮ್ಮೆಯೂ ಕೇಳಿರಲಿಲ್ಲ.

ಮುಂದಿನ ವಾರ ಅವರನ್ನು ಪರೀಕ್ಷೆಗೆ ಕರೆದೊಯ್ದೆವು. ಈಗ ಅಂಗಳದಲ್ಲಿ ಸುತ್ತು ಹಾಕುವವರು ಇಬ್ಬರು, ಎಣಿಸುವವರು ಅವರೇ. ಈ ಲೇಖನವನ್ನು ಓದಿದ ವಿದ್ಯಾರ್ಥಿಗಳು ಇಂದು ಸಂಜೆ ತಮ್ಮ ಮನೆಯಲ್ಲಿ ದಿನವಿಡೀ ನಿಂತು ದುಡಿಯುವವರ ಕಾಲುಗಳನ್ನು ಒಮ್ಮೆ ವಿಚಾರಿಸಲಿ.