ಕೀಲಿ ಹೋಯಿತು, ಸ್ವಿಚ್ ಯಾರ ಕೈಲಿ?

ಬ್ರಿಟನ್ನಿಗೆ ಓದಲು ಹೋದ ನಮ್ಮ ಹುಡುಗರಿಗೆ ಬಾಡಿಗೆ ಮನೆಯ ಬಾಗಿಲ ಕೀಲಿಯ ಜೊತೆ ಕೆಲವೊಮ್ಮೆ ಇನ್ನೊಂದು ಪ್ಲಾಸ್ಟಿಕ್ ಕೀಲಿಯೂ ಸಿಗುತ್ತದೆ. ಅದು ಕರೆಂಟಿನ ಕೀಲಿ. ಮೂಲೆಯಂಗಡಿಗೆ ಒಯ್ದು ಹತ್ತೋ ಇಪ್ಪತ್ತೋ ಪೌಂಡ್ ತುಂಬಿಸಿ, ಮೆಟ್ಟಿಲ ಕೆಳಗಿನ ಕಪಾಟಿನಲ್ಲಿರುವ ಮೀಟರಿಗೆ ಚುಚ್ಚಿದರೆ ಮಾತ್ರ ದೀಪ ಉರಿಯುತ್ತದೆ. ಗ್ಯಾಸಿಗೆ ಬೇರೆ ಕಾರ್ಡು. ದುಡ್ಡು ಮುಗಿದರೆ ಜನವರಿಯ ಚಳಿಯಲ್ಲೂ ಹೀಟರ್ ನಿಲ್ಲುತ್ತದೆ.

ಪೂರ್ತಿ ಕತ್ತಲಾಗುವ ಮುಂಚೆ ‘ಎಮರ್ಜೆನ್ಸಿ ಕ್ರೆಡಿಟ್’ ಎಂಬ ಸಣ್ಣ ಕೈಗಡ ಸಿಗುತ್ತದೆ. ಮುಂದಿನ ಸಲ ದುಡ್ಡು ತುಂಬಿಸಿದಾಗ ಮೀಟರು ಮೊದಲು ಅದನ್ನೇ ಮುರಿದುಕೊಳ್ಳುತ್ತದೆ. ನಮ್ಮ ಬಿಲ್ಲಿನ ನಿಗದಿತ ಶುಲ್ಕದಂತೆ ಅಲ್ಲೂ ‘ಸ್ಟ್ಯಾಂಡಿಂಗ್ ಚಾರ್ಜ್’ ಇದೆ. ಅದು ದಿನದ ಲೆಕ್ಕದಲ್ಲಿ ಬೀಳುತ್ತದೆ, ಬಳಸಿದರೂ ಅಷ್ಟೇ, ಬಳಸದಿದ್ದರೂ ಅಷ್ಟೇ. ಬೇಸಿಗೆಯಲ್ಲಿ ಗ್ಯಾಸ್ ಹೀಟರ್ ಮುಟ್ಟದೆ ಮೂರು ತಿಂಗಳು ಕಳೆದವರು ಚಳಿ ಶುರುವಾದಾಗ ಕಾರ್ಡ್ ತುಂಬಿಸಿದರೆ, ಹಾಕಿದ ದುಡ್ಡಿನಲ್ಲಿ ಒಂದಷ್ಟು ಹಳೆಯ ಬಾಕಿಗೇ ಹೋಗುತ್ತದೆ.

ಈ ರಗಳೆಗೆ ಪರಿಹಾರವಾಗಿ ಬಂದದ್ದು ಸ್ಮಾರ್ಟ್ ಮೀಟರ್. ಅಳವಡಿಕೆಗೆ ಗ್ರಾಹಕರು ಪ್ರತ್ಯೇಕವಾಗಿ ದುಡ್ಡು ಕೊಡಬೇಕಿಲ್ಲ. ಮನೆಯ ವೈಫೈ ಕೂಡ ಬೇಕಿಲ್ಲ. ಕರೆಂಟ್ ಮೀಟರಿನ ಮೇಲೆ ಕೂರುವ ಪುಟ್ಟ ಪೆಟ್ಟಿಗೆಯೊಂದು ಪ್ರತ್ಯೇಕ ಜಾಲದ ಮೂಲಕ ರೀಡಿಂಗ್ ಕಳಿಸುತ್ತದೆ. ಬ್ಯಾಟರಿಯಲ್ಲಿ ನಡೆಯುವ ಗ್ಯಾಸ್ ಮೀಟರೂ ಅದರ ಮೂಲಕವೇ ಮಾತಾಡುತ್ತದೆ. ಕೆಟಲ್ ಹಾಕಿದ ತಕ್ಷಣ ಖರ್ಚು ಏರುವುದು ಅಡುಗೆಮನೆಯ ಪುಟ್ಟ ಪರದೆಯಲ್ಲಿ ಕಾಣುತ್ತದೆ. ದುಡ್ಡನ್ನು ಹಾಸಿಗೆಯಲ್ಲಿ ಕೂತೇ ಫೋನಿನಲ್ಲಿ ತುಂಬಿಸಬಹುದು.

ಆದರೆ ಮೀಟರ್ ಬದಲಾದ ಮಾತ್ರಕ್ಕೆ ಪ್ರೀಪೇಯ್ಡ್ ವ್ಯವಸ್ಥೆ ಹೋಗುವುದಿಲ್ಲ. ಒಂದೇ ಸ್ಮಾರ್ಟ್ ಮೀಟರ್ ಮೊದಲೇ ದುಡ್ಡು ಕಟ್ಟುವ ರೀತಿಯಲ್ಲೂ ನಡೆಯುತ್ತದೆ, ಬಳಸಿದ ಮೇಲೆ ಬಿಲ್ ಕಟ್ಟುವ ರೀತಿಯಲ್ಲೂ ನಡೆಯುತ್ತದೆ. ಆ ಬದಲಾವಣೆಯನ್ನು ಕಂಪನಿ ತನ್ನ ಕಚೇರಿಯಿಂದಲೇ ಮಾಡಬಲ್ಲದು. ಹಳೆಯ ಮೀಟರಿಗಾದರೆ ಮನೆಯೊಳಗೆ ಕಾಲಿಡಬೇಕಿತ್ತು, ಒಪ್ಪದವರ ಮನೆಗೆ ಕೋರ್ಟಿನ ವಾರಂಟ್ ತರಬೇಕಿತ್ತು. 2023ರ ಫೆಬ್ರವರಿಯಲ್ಲಿ ‘ದಿ ಟೈಮ್ಸ್’ ಪತ್ರಿಕೆ, ಬಾಕಿ ವಸೂಲಿಯ ಗುತ್ತಿಗೆದಾರರು ಅಶಕ್ತರ ಮನೆಗಳಿಗೂ ನುಗ್ಗಿ ಪ್ರೀಪೇಯ್ಡ್ ಮೀಟರ್ ಕೂರಿಸುತ್ತಿದ್ದುದನ್ನು ಬಯಲಿಗೆಳೆಯಿತು. ಒತ್ತಾಯದ ಅಳವಡಿಕೆ ಸ್ವಲ್ಪ ಕಾಲ ನಿಂತಿತು. ನಿಯಂತ್ರಣ ಸಂಸ್ಥೆ ಆಫ್‌ಜೆಮ್ ಅದೇ ವರ್ಷದ ನವೆಂಬರಿನಿಂದ ಕಡ್ಡಾಯ ನಿಯಮ ತಂದಿತು. ಕಚೇರಿಯಿಂದಲೇ ಮಾಡುವ ಬದಲಾವಣೆಗೂ ಅದು ಅನ್ವಯಿಸುತ್ತದೆ. ಪ್ರೀಪೇಯ್ಡ್ ಗ್ರಾಹಕರು ಹೆಚ್ಚು ತೆರುತ್ತಿದ್ದ ಸ್ಟ್ಯಾಂಡಿಂಗ್ ಚಾರ್ಜನ್ನು 2024ರ ಏಪ್ರಿಲ್‌ನಿಂದ ಉಳಿದವರ ಮಟ್ಟಕ್ಕೆ ತರಲಾಯಿತು.

ಹಾಗಾದರೆ ಬದಲಾಯಿಸುವುದು ಒಳ್ಳೆಯದೇ? ಹೌದು, ಹಳೆಯ ಕೀಲಿಗಿಂತ ಸ್ಮಾರ್ಟ್ ಮೀಟರ್ ಎಷ್ಟೋ ವಾಸಿ. ವಾರದ ಕೂಲಿಯಲ್ಲಿ ಬದುಕುವವರಿಗೆ, ತಿಂಗಳ ಕೊನೆಗೆ ದೊಡ್ಡ ಬಿಲ್ ಬೇಡ ಎನ್ನುವವರಿಗೆ ಅದರಲ್ಲೇ ಪ್ರೀಪೇಯ್ಡ್ ಉಳಿಸಿಕೊಳ್ಳುವುದೂ ತಪ್ಪಲ್ಲ. ಬಿಲ್ ಪದ್ಧತಿ ಬೇಕೆನ್ನುವವರು ಹಳೆಯ ಬಾಕಿ ತೀರಿಸಬೇಕಾಗಬಹುದು. ಕಂಪನಿ ಅವರ ಸಾಲದ ಚರಿತ್ರೆಯನ್ನೂ ನೋಡಬಹುದು. ಬಿಲ್ ತನ್ನ ಹೆಸರಲ್ಲಿದ್ದರೆ ಬಾಡಿಗೆದಾರನೂ ಮೀಟರ್ ಬದಲಾವಣೆ ಕೇಳಬಹುದು. ಮೊದಲು ಕರಾರು ಪತ್ರ ಓದಿ ಮಾಲೀಕರಿಗೆ ಒಂದು ಮಾತು ತಿಳಿಸಿದರೆ ಆಮೇಲೆ ತಕರಾರು ಇರದು.

ಇದು ದೂರದ ದೇಶದ ಕಥೆಯಷ್ಟೇ ಅಲ್ಲ. ಬೆಸ್ಕಾಂ ಕೂಡ 2025ರಲ್ಲಿ ಹೊಸ ಸಂಪರ್ಕಗಳಿಗೆ ಸ್ಮಾರ್ಟ್ ಮೀಟರ್ ಶುರುಮಾಡಿದೆ. ಮೀಟರ್ ಎಲ್ಲಿಯದೇ ಆಗಲಿ, ಅಳವಡಿಸಲು ಬಂದವರನ್ನು ಮೂರು ಪ್ರಶ್ನೆ ಕೇಳಿ: ಇದು ಪ್ರೀಪೇಯ್ಡೋ, ಬಿಲ್ಲೋ? ನನ್ನನ್ನು ಕೇಳದೆ ಅದನ್ನು ಬದಲಾಯಿಸಬಹುದೇ? ದುಡ್ಡು ಮುಗಿದರೆ ಎಷ್ಟು ಹೊತ್ತಿಗೆ ಕರೆಂಟ್ ಹೋಗುತ್ತದೆ? ಉತ್ತರವನ್ನು ಲಿಖಿತವಾಗಿ ಪಡೆದ ಮೇಲೆಯೇ ಸಹಿ ಹಾಕಿ.