ಮನೆಯ ವಿನ್ಯಾಸದಲ್ಲಿ ಸಾಂಪ್ರದಾಯಿಕ ಕರಕುಶಲ ಕಲೆ: ಬೇಲೂರು, ಹಳೇಬೀಡು ಮತ್ತು ಅರಸೀಕೆರೆ ಭಾಗದ ನಾಗರಿಕರಿಗೆ ಮಾಹಿತಿ

1. ಪೀಠಿಕೆ

ಬೇಲೂರಿನ ಚೆನ್ನಕೇಶವ ದೇವಾಲಯವು 1117ರಲ್ಲಿ ಪ್ರತಿಷ್ಠಾಪನೆಗೊಂಡಿತು. ಹಳೇಬೀಡಿನ ಹೊಯ್ಸಳೇಶ್ವರ ಮತ್ತು ಅರಸೀಕೆರೆಯ ಈಶ್ವರ ದೇವಾಲಯಗಳು ಅದೇ ಶಿಲ್ಪ ಪರಂಪರೆಗೆ ಸೇರಿದವು. ಬೇಲೂರು, ಹಳೇಬೀಡು ಹಾಗೂ ಸೋಮನಾಥಪುರದ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಈ ಕಲೆಯನ್ನು ಹೊಸ ಮನೆಗಳಲ್ಲಿ ಅಳವಡಿಸಿಕೊಳ್ಳಲು ಇಚ್ಛಿಸುವವರು ಗಮನಿಸಬೇಕಾದ ಅಂಶಗಳನ್ನು ಇಲ್ಲಿ ವಿವರಿಸಲಾಗಿದೆ.

2. ಬಳಪದ ಕಲ್ಲಿನ ಕೆತ್ತನೆ

ಹೊಯ್ಸಳ ಶಿಲ್ಪಿಗಳು ಬಳಸಿದ್ದು ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೃದುವಾಗಿದ್ದು, ಗಾಳಿಗೆ ತೆರೆದುಕೊಂಡಂತೆ ಗಟ್ಟಿಯಾಗುವುದರಿಂದ ಸೂಕ್ಷ್ಮ ಕೆತ್ತನೆಗೆ ಇದು ಯೋಗ್ಯವಾಗಿದೆ. ದೇವರ ಗೂಡು, ದೀಪದ ಕಂಬ ಹಾಗೂ ಗೋಡೆಯ ಫಲಕಗಳಿಗೆ ಇದು ಸೂಕ್ತ. ಸುಲಭವಾಗಿ ಗೀರು ಬೀಳುವುದರಿಂದ ಹೆಚ್ಚು ಓಡಾಟವಿರುವ ನೆಲಕ್ಕೆ ಸೂಕ್ತವಲ್ಲ. ಒಂದು ಘನ ಅಡಿ ಕಲ್ಲು ಸುಮಾರು 80 ಕೆ.ಜಿ. ತೂಗುತ್ತದೆ. ಆದ್ದರಿಂದ ಗೋಡೆಗೆ ಅಳವಡಿಸುವ ಮುನ್ನ ಎಂಜಿನಿಯರ್‌ರವರ ಸಲಹೆ ಪಡೆಯತಕ್ಕದ್ದು. ಸ್ವಚ್ಛಗೊಳಿಸಲು ಆಮ್ಲವನ್ನು ಬಳಸಬಾರದು.

3. ಜಾಲಂಧ್ರ

ಬೇಲೂರು ದೇವಾಲಯದ ಕಲ್ಲಿನ ಜಾಲಂಧ್ರಗಳು ಬೆಳಕನ್ನು ಸೋಸಿ ಗಾಳಿಯನ್ನು ಒಳಬಿಡುತ್ತವೆ. ಮನೆಯ ಮೆಟ್ಟಿಲ ಭಾಗ, ಪಡಸಾಲೆ ಹಾಗೂ ಪಶ್ಚಿಮದ ಬಿಸಿಲು ಬೀಳುವ ಗೋಡೆಗೆ ಕಲ್ಲು, ಮರ ಅಥವಾ ಸುಟ್ಟ ಮಣ್ಣಿನ ಜಾಲಂಧ್ರಗಳನ್ನು ಅಳವಡಿಸಬಹುದು. ಇದು ಅಲಂಕಾರವೂ ಹೌದು, ಹಗಲಿನಲ್ಲಿ ವಿದ್ಯುತ್ ಉಳಿತಾಯದ ಮಾರ್ಗವೂ ಹೌದು.

4. ನಾರು ಮತ್ತು ಮರ

ಅರಸೀಕೆರೆ ತೆಂಗಿನ ಸೀಮೆ. ತೆಂಗಿನ ನಾರಿನ ಚಾಪೆ ಮತ್ತು ಕಾಲೊರಸುಗಳು ಕಲ್ಲಿನ ನೆಲಕ್ಕೆ ಹೊಂದುತ್ತವೆ. ಇವುಗಳ ಜೊತೆಗೆ ಭೌಗೋಳಿಕ ಸೂಚಕ ನೋಂದಣಿ ಪಡೆದಿರುವ ಚನ್ನಪಟ್ಟಣದ ಅರಗಿನ ಬಣ್ಣದ ಮರದ ವಸ್ತುಗಳನ್ನೂ ಮೈಸೂರಿನ ಬೀಟೆ ಮರದ ಕೆತ್ತುಕೂರಿಕೆ ಫಲಕಗಳನ್ನೂ ಬಳಸಬಹುದು. ಒಂದು ಕೋಣೆಯಲ್ಲಿ ಒಂದು ಕಲೆಗೆ ಪ್ರಾಧಾನ್ಯ ನೀಡಿ, ಉಳಿದ ಗೋಡೆಗಳನ್ನು ಸರಳವಾಗಿ ಬಿಡುವುದು ಉತ್ತಮ.

5. ಹಳೆಯ ಶಿಲ್ಪಗಳ ಬಗ್ಗೆ ಎಚ್ಚರಿಕೆ

ಹೊಲ, ಕೆರೆ ಏರಿ ಅಥವಾ ಪಾಳು ಗುಡಿಗಳ ಬಳಿ ದೊರೆಯುವ ಕೆತ್ತನೆಯ ಕಲ್ಲುಗಳನ್ನು ಮನೆಗೆ ತರಬಾರದು. ಪುರಾತನ ವಸ್ತುಗಳು ಮತ್ತು ಕಲಾ ಸಂಪತ್ತು ಅಧಿನಿಯಮ, 1972ರ ಪ್ರಕಾರ 100 ವರ್ಷಕ್ಕೆ ಕಡಿಮೆಯಿಲ್ಲದ ಶಿಲ್ಪಗಳು ಮಾತ್ರವಲ್ಲ, ಅಷ್ಟು ಹಳೆಯ ಕಟ್ಟಡದಿಂದ ಬೇರ್ಪಟ್ಟ ಭಾಗಗಳೂ ಪುರಾತನ ವಸ್ತುಗಳೇ. ಪರವಾನಗಿ ಇಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ. ಅಂತಹ ಕಲ್ಲು ಕಂಡುಬಂದಲ್ಲಿ ಸ್ಥಳದಿಂದ ಕದಲಿಸದೆ ತಹಶೀಲ್ದಾರ್‌ರವರಿಗೆ ಅಥವಾ ಪುರಾತತ್ವ ಇಲಾಖೆಗೆ ತಿಳಿಸುವುದು. ಸ್ಥಳದಿಂದ ತೆಗೆದ ಕಲ್ಲು ತನ್ನ ಇತಿಹಾಸವನ್ನು ಕಳೆದುಕೊಳ್ಳುತ್ತದೆ. ಹೊಸದಾಗಿ ಕೆತ್ತಿಸಿದ ಕಲ್ಲು ಇಂದಿನ ಶಿಲ್ಪಿಯ ಕುಟುಂಬಕ್ಕೆ ಅನ್ನ ನೀಡುತ್ತದೆ. ಹೊಸ ಶಿಲ್ಪವನ್ನು ಖರೀದಿಸುವಾಗ ಶಿಲ್ಪಿಯ ಹೆಸರು ಮತ್ತು ದಿನಾಂಕವುಳ್ಳ ರಸೀದಿಯನ್ನು ಪಡೆದು ಇಟ್ಟುಕೊಳ್ಳುವುದು.

6. ಸ್ಮಾರಕದ ಸಮೀಪದ ಮನೆಗಳು

ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತಲಿನ ಕಾಮಗಾರಿಗೆ ಪ್ರಾಚೀನ ಸ್ಮಾರಕಗಳ ಅಧಿನಿಯಮದ 2010ರ ತಿದ್ದುಪಡಿ ಅನ್ವಯಿಸುತ್ತದೆ. ದೂರವನ್ನು ಗೋಪುರದಿಂದಲ್ಲ, ಸಂರಕ್ಷಿತ ಪ್ರದೇಶದ ಗಡಿಯಿಂದ ಅಳೆಯಲಾಗುತ್ತದೆ.

ಅ) ಮೊದಲ 100 ಮೀಟರ್ (ನಿಷೇಧಿತ ಪ್ರದೇಶ): ಹೊಸ ಮನೆ ಕಟ್ಟಲು ಖಾಸಗಿಯವರಿಗೆ ಅವಕಾಶವಿಲ್ಲ. 16-6-1992ಕ್ಕೆ ಮೊದಲೇ ಇದ್ದ ಅಥವಾ ನಂತರ ಅನುಮೋದನೆ ಪಡೆದು ಕಟ್ಟಿದ ಮನೆಗಳ ದುರಸ್ತಿ ಮತ್ತು ನವೀಕರಣಕ್ಕೆ ಅರ್ಜಿ ಸಲ್ಲಿಸಬಹುದು.

ಆ) ನಂತರದ 200 ಮೀಟರ್ (ನಿಯಂತ್ರಿತ ಪ್ರದೇಶ): ನಿರ್ಮಾಣ, ಪುನರ್‌ನಿರ್ಮಾಣ, ದುರಸ್ತಿ ಮತ್ತು ನವೀಕರಣಕ್ಕೆ ಪೂರ್ವಾನುಮತಿ ಕಡ್ಡಾಯ.

ಗೋಡೆ ಒಡೆದು ಜಾಲಂಧ್ರ ಕೂರಿಸುವುದು ಕಟ್ಟಡದ ಮಾರ್ಪಾಡು ಎಂಬುದನ್ನು ಗಮನಿಸುವುದು. ಅರ್ಜಿಯನ್ನು ಸಕ್ಷಮ ಪ್ರಾಧಿಕಾರಕ್ಕೆ ಸಲ್ಲಿಸತಕ್ಕದ್ದು. ರಾಷ್ಟ್ರೀಯ ಸ್ಮಾರಕಗಳ ಪ್ರಾಧಿಕಾರವು ಅದನ್ನು ಪರಿಶೀಲಿಸುತ್ತದೆ. ಮಾಲೀಕತ್ವದ ದಾಖಲೆ, ನಕ್ಷೆ ಮತ್ತು ಛಾಯಾಚಿತ್ರಗಳನ್ನು ಸಿದ್ಧವಾಗಿಟ್ಟುಕೊಳ್ಳುವುದು. ನಿಷೇಧಿತ ಪ್ರದೇಶದಲ್ಲಿ ನಿಯಮ ಮೀರಿ ಕಟ್ಟಿದಲ್ಲಿ 2 ವರ್ಷಗಳವರೆಗೆ ಸೆರೆವಾಸ ಅಥವಾ 1 ಲಕ್ಷ ರೂ.ವರೆಗೆ ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

7. ಕುಶಲಕರ್ಮಿಗಳಿಗೆ

2023ರ ಸೆಪ್ಟೆಂಬರ್ 17ರಂದು ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಶಿಲ್ಪ ಕೆತ್ತನೆ ಮತ್ತು ನಾರಿನ ನೇಯ್ಗೆ ಸೇರಿವೆ. ಉಪಕರಣಗಳಿಗೆ 15,000 ರೂ.ವರೆಗೆ ನೆರವು ಹಾಗೂ ಶೇ. 5ರ ಬಡ್ಡಿಯಲ್ಲಿ ಎರಡು ಕಂತುಗಳಲ್ಲಿ 3 ಲಕ್ಷ ರೂ.ವರೆಗೆ ಸಾಲ ಈ ಯೋಜನೆಯಲ್ಲಿದೆ. ನೋಂದಣಿಗೆ ಸಾಮಾನ್ಯ ಸೇವಾ ಕೇಂದ್ರವನ್ನು ಸಂಪರ್ಕಿಸುವುದು.

ಸಾರ್ವಜನಿಕರು ಕಾಮಗಾರಿ ಆರಂಭಿಸುವ ಮುನ್ನ ತಮ್ಮ ನಿವೇಶನ ಯಾವ ಪ್ರದೇಶದಲ್ಲಿದೆ ಎಂಬುದನ್ನು ಖಚಿತಪಡಿಸಿಕೊಂಡು ಸಹಕರಿಸಬೇಕೆಂದು ಕೋರಲಾಗಿದೆ.