ಮತ ಅಷ್ಟೇ ಇದೆ, ಸೀಟು ಎಲ್ಲಿ ಹೋಯ್ತು?

ಕೇಂದ್ರದಲ್ಲಿ ಆಳ್ತಿರೋ ಪಕ್ಷ ಮತ್ತೆ ಗೆಲ್ಲುತ್ತಾ?
ಇದನ್ನ ಮೊದಲೇ ಹೇಳೋಕಾಗುತ್ತಾ?

2024, ಜೂನ್ 1ರ ಸಂಜೆ.
ಟಿವಿ ಹಾಕಿದ್ರೆ ಲೋಕಸಭೆ ಚುನಾವಣೆಯ ಮತಗಟ್ಟೆ ಸಮೀಕ್ಷೆ, ಹೆಚ್ಚುಕಮ್ಮಿ ಎಲ್ಲ ಕಡೆ ಒಂದೇ ರಾಗ.
ಎನ್‌ಡಿಎ 350 ದಾಟುತ್ತೆ,
400 ಮುಟ್ಟಿದ್ರೂ ಮುಟ್ಟೀತು!

ಜೂನ್ 4ಕ್ಕೆ ಎಣಿಸಿದ್ರೆ, 293.
ಬಿಜೆಪಿಗೆ 240.
ಬಹುಮತಕ್ಕೆ ಬೇಕಿದ್ದು 272.

ಹಾಗಾದ್ರೆ ಜನ ಕೈಬಿಟ್ರಾ?
ಮಜಾ ಇರೋದೇ ಇಲ್ಲಿ.
ಹಿಂದಿನ ಚುನಾವಣೆಗಿಂತ ದೇಶದಲ್ಲಿ ಬಿಜೆಪಿ ಮತ ಇಳಿದಿದ್ದು ಶೇಕಡಾ 1ಕ್ಕಿಂತ ಕಮ್ಮಿ.
ಸೀಟು ಹೋಗಿದ್ದು 63!

ಯಸಳೂರಿನ ಕಾಫಿ ಬೆಳೆಗಾರರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.
ಹೂಮಳೆ ಟೈಮು.
ನಿಮ್ಮ ತೋಟದಲ್ಲಿ 1 ಇಂಚು 20 ಸೆಂಟು.
ಗುಡ್ಡದಾಚೆ ತೋಟದಲ್ಲಿ ಬರೀ ತುಂತುರು.
ಹೋಬಳಿ ಸರಾಸರಿ ಚೆನ್ನಾಗೇ ಇರುತ್ತೆ,
ಆಚೆಯವರ ಗಿಡದಲ್ಲಿ ಮಾತ್ರ ಮೊಗ್ಗು ಬಿರಿಯಲ್ಲ.

ಮತಾನೂ ಹಾಗೇ.
ಎಲ್ಲಿ ಬಿತ್ತು ಅನ್ನೋದರ ಮೇಲೆ ಸೀಟು.
ತಮಿಳುನಾಡಲ್ಲಿ ಬಿಜೆಪಿ ಮತ ಶೇಕಡಾ 11 ದಾಟಿತು, ಸೀಟು ಸೊನ್ನೆ.
ಉತ್ತರ ಪ್ರದೇಶದಲ್ಲಿ 62 ಇದ್ದದ್ದು 33ಕ್ಕಿಳೀತು.
ಸಮೀಕ್ಷೆಯವರು ಶೇಕಡಾವಾರು ಹಿಡಿದ್ರೂ,
ಅದನ್ನ ಸೀಟು ಮಾಡೋವಾಗ ಎಡವಬಹುದು.

ಇನ್ನು ನಮ್ಮ ಹಾಸನ ಕ್ಷೇತ್ರ ಕೇಳಿ.
ಆ ಸಲ ಮತಯಂತ್ರದಲ್ಲಿ ಕಮಲವೇ ಇರಲಿಲ್ಲ!
ಮೈತ್ರಿಯಲ್ಲಿ ಸೀಟು ಜೆಡಿಎಸ್‌ಗೆ.
ಮೋದಿ ಬೇಕು ಅಂದವರೂ ಒತ್ತಬೇಕಿದ್ದದ್ದು ತೆನೆ ಹೊತ್ತ ಮಹಿಳೆ ಗುರುತು.
ಒಂದು ಬಟನ್ನು, ಅದರಲ್ಲಿ ದಿಲ್ಲಿ ಲೆಕ್ಕ ಎಷ್ಟು,
ಜೆಡಿಎಸ್ ತವರು ಹೊಳೆನರಸೀಪುರದ ಲೆಕ್ಕ ಎಷ್ಟು,
ಯಾವ ಸಮೀಕ್ಷೆಯವರು ಬಿಡಿಸಿಯಾರು?

ಗೆದ್ದಿದ್ದು ಕಾಂಗ್ರೆಸ್‌ನ ಶ್ರೇಯಸ್ ಪಟೇಲ್.
ಹಾಸನ ಕಾಂಗ್ರೆಸ್‌ಗೆ ಸಿಕ್ಕಿದ್ದು 25 ವರ್ಷ ಆದ್ಮೇಲೆ.